ಯಾರ ಹೆಸರಿಗೆ ಅರ್ಚನೆ?

ವೆಲ್ಲೂರಿನಲ್ಲಿ ಬೆಳಿಗ್ಗೆ ಇಡ್ಲಿ ತಿಂದು ಹೊರಟವರು ಚಿತ್ತೂರು, ಪಲಮನೇರು ದಾಟಿ ನಂಗಲಿ ಹತ್ತಿರ ಕರ್ನಾಟಕದೊಳಕ್ಕೆ ಬಂದಾಗ ಬಿಸಿಲು ಇನ್ನೂ ಏರಿರಲಿಲ್ಲ. ಅಷ್ಟರೊಳಗೆ ಮೂರು ರಾಜ್ಯ ನೋಡಿಯಾಗಿತ್ತು. ಅಲ್ಲಿಂದ ಮುಂದೆ ಮುಳಬಾಗಿಲು; ಮೂಡಲ ಬಾಗಿಲೇ ಜನರ ಬಾಯಲ್ಲಿ ಹಾಗಾಗಿದೆ. ಆ ಬಾಗಿಲಿನಿಂದ ಒಳಗೆ ಬಂದದ್ದು ನಾನು, ನನ್ನ ಹೆಂಡತಿ ಮತ್ತು ಟಿಎನ್ 23 ನಂಬರಿನ ಏಳು ವರ್ಷದ ಒಂದು ಬಿಳಿ ಕಾರು. ನಮ್ಮ ಜೀವಮಾನದ ಮೊದಲ ಕಾರು.

ಕೋಲಾರದ ಮನೆಗೆ ಹೋಗುವ ಮುಂಚೆ ಕುರುಡುಮಲೆಯ ಗಣಪನ ಗುಡಿಗೆ ಹೋಗಲೇಬೇಕೆಂದು ಅವಳು ಹರಕೆ ಹೊತ್ತಿದ್ದಳು. ನಮ್ಮ ಕಡೆ ಯಾವ ಕೆಲಸ ಹಿಡಿದರೂ ಮೊದಲ ಕಾಯಿ ಆ ಗಣಪನಿಗೇ. ಚುನಾವಣೆ ಬಂದಾಗ ದೊಡ್ಡ ದೊಡ್ಡ ನಾಯಕರೂ ಪ್ರಚಾರಕ್ಕೆ ಮುಂಚೆ ಅವನಿಗೆ ಕೈಮುಗಿದೇ ಹೊರಡುತ್ತಾರೆ. 13 ಅಡಿಗೂ ಮೀರಿದ ಏಕಶಿಲೆಯ ಆ ಮೂರ್ತಿಯ ಮುಂದೆ ನಿಂತರೆ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಕಾಯಿ, ಹೂವು, ನಾಲ್ಕು ನಿಂಬೆಹಣ್ಣು ಇದ್ದ ತಟ್ಟೆ ಕೊಟ್ಟೆ. ಅರ್ಚಕರು ಕೇಳಿದರು: "ಯಾರ ಹೆಸರಿಗೆ ಅರ್ಚನೆ ಮಾಡಲಿ?"

ನನ್ನ ಹೆಸರು, ನಕ್ಷತ್ರ ಹೇಳಿದೆ. ಹೇಳುತ್ತಿದ್ದ ಹಾಗೇ ಒಳಗೆ ಏನೋ ಚುಚ್ಚಿತು. ಡ್ಯಾಶ್‌ಬೋರ್ಡಿನಲ್ಲಿದ್ದ ಆರ್‌ಸಿಯಲ್ಲಿ ಇದ್ದದ್ದು ಬೇರೆಯವರ ಹೆಸರು. ಇನ್ಶೂರೆನ್ಸ್ ಕಾಗದದಲ್ಲೂ ಅವರದೇ.

ಮಾರಿದವರು ಒಳ್ಳೆಯವರು. "ಪಾಲಿಸಿ ಇನ್ನೂ ಎಂಟು ತಿಂಗಳಿದೆ, ನಿಶ್ಚಿಂತೆಯಾಗಿ ಓಡಿಸಿ ಸಾರ್" ಎಂದು ಮನಸಾರೆ ಹೇಳಿ ಕೀ ಕೈಗಿಟ್ಟಿದ್ದರು. ಆ ಮಾತು ನಂಬಿ ಕೆಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾಲೂರಿನಲ್ಲಿರುವ ನನ್ನ ಷಡ್ಡಕ ಹೊಸೂರಿನಿಂದ ಹಳೆ ಕಾರು ತಂದು, ಹಳೆಯ ಪಾಲಿಸಿಯಲ್ಲೇ ಓಡಿಸುತ್ತಿದ್ದ. ಒಂದು ರಾತ್ರಿ ಹುಣಸೆಮರಕ್ಕೆ ಗುದ್ದಿದ. ಪುಣ್ಯಕ್ಕೆ ಜೀವ ಉಳಿಯಿತು. ಕ್ಲೇಮಿಗೆ ಹೋದರೆ ಒಂದೇ ಮಾತು: ಪಾಲಿಸಿ ನಿಮ್ಮ ಹೆಸರಲ್ಲಿಲ್ಲ. ರಿಪೇರಿಗೆ ಹೆಂಡತಿಯ ಬಳೆ ಹೋಯಿತು.

ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ, ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ವಿಮೆ ತಾನಾಗಿ ಹೊಸ ಮಾಲೀಕನ ಕಡೆಗೆ ಬರುತ್ತದೆ. ನಮ್ಮ ಗಾಡಿಯಿಂದ ಪೆಟ್ಟು ತಿಂದ ದಾರಿಹೋಕ ಅನಾಥನಾಗಬಾರದು ಎಂಬ ಕಾಳಜಿ ಅದು; ಆ ಕಲಮು ಬರೆದವರಿಗೆ ನನ್ನ ನಮಸ್ಕಾರ. ಆದರೆ ನಮ್ಮ ಸ್ವಂತ ಗಾಡಿಯ ನಷ್ಟಕ್ಕೆ ಆ ರಕ್ಷಣೆ ಇಲ್ಲ. ಮಾಲೀಕ ಚಾಲಕನಿಗೆಂದು ಇರುವ 15 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಹಳೆಯ ಹೆಸರಿನ ಜೊತೆಗೇ ಉಳಿಯುತ್ತದೆ. 14 ದಿನದೊಳಗೆ ಕಂಪನಿಗೆ ಬರೆದು ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಮಾರಿದವರು ವರ್ಷಗಟ್ಟಲೆ ಕೂಡಿಟ್ಟ ನೋ ಕ್ಲೇಮ್ ಬೋನಸ್ಸು ಅವರದು, ಕಾರಿನದಲ್ಲ. ಆ ವ್ಯತ್ಯಾಸದ ಹಣವನ್ನೂ ನಾವೇ ತುಂಬಬೇಕು. ನಾನು ತುಂಬಿದೆ. ಆ ದುಡ್ಡು ನನಗೆ ಭಾರ ಅನ್ನಿಸಲಿಲ್ಲ.

ನಮ್ಮಲ್ಲಿ ಬಹಳ ಜನ "12 ತಿಂಗಳು ಟೈಮಿದೆ ಬಿಡಿ" ಅನ್ನುತ್ತಾರೆ. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಬೇಕು ಎನ್ನುವುದು ನಿಜ. ಆದರೆ ಅದು ನಂಬರಿನ ಮಾತು. ಒಡೆತನ ಬದಲಾದದ್ದನ್ನು ಕೊಂಡವರು 30 ದಿನದೊಳಗೆ ತಿಳಿಸಬೇಕು; ಮಾರಿದವರು 45 ದಿನದೊಳಗೆ ಎನ್‌ಓಸಿ, ಅಂದರೆ ನಿರಾಕ್ಷೇಪಣಾ ಪತ್ರ, ಕಳಿಸಬೇಕು. ನಂಬರನ್ನೂ ಒಡೆತನವನ್ನೂ ಕಲಸಿಕೊಂಡು ಕೂತವರೇ ಕಷ್ಟಕ್ಕೆ ಸಿಕ್ಕಿಬೀಳುವುದು.

ಎನ್‌ಓಸಿಗೆ 28ನೇ ಫಾರಂ, ಬ್ಯಾಂಕ್ ಸಾಲ ತೀರಿದ್ದಕ್ಕೆ 35, ಹೆಸರು ಬದಲಾವಣೆಗೆ 29 ಮತ್ತು 30, ಇಲ್ಲಿನ ನಂಬರಿಗೆ 27. ಮಾರಿದವರ ಸಹಿಗಾಗಿ ಇನ್ನೊಮ್ಮೆ ವೆಲ್ಲೂರಿಗೆ ಹೋಗಿ ಬಂದೆ.

ಕೋಲಾರದ ಆರ್‌ಟಿಓ ಕಚೇರಿಯಲ್ಲಿ ಕಾರು ತೋರಿಸಿದ ದಿನ ಮಾತ್ರ ನನಗೆ ಮರೆಯುವಂಥದ್ದಲ್ಲ. ಒಬ್ಬ ಹುಡುಗ ಬಾನೆಟ್ ಎತ್ತಿ, ಹಳೆ ಬಟ್ಟೆಯಿಂದ ಗ್ರೀಸು, ಧೂಳು ಒರೆಸಿದ. ತೆಳುವಾದ ಕಾಗದವನ್ನು ಲೋಹದ ಮೇಲೆ ಒತ್ತಿ ಹಿಡಿದು, ಪೆನ್ಸಿಲ್ಲನ್ನು ಓರೆ ಮಾಡಿ ಮೆಲ್ಲಗೆ ಉಜ್ಜಿದ. ಕಪ್ಪಿನ ನಡುವೆ ಒಂದೊಂದೇ ಅಕ್ಷರ ಬೆಳ್ಳಗೆ ಎದ್ದು ಬಂತು. ಒಟ್ಟು 17. ಚಾಸಿ ನಂಬರ್. ಆ ಕಾಗದ ನೋಡುತ್ತಾ ನನಗೆ ಶಾಸನದ ಅಚ್ಚು ನೆನಪಾಯಿತು. ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು, ಮಸಿ ಹಚ್ಚಿ ಅಕ್ಷರ ಎತ್ತುವುದೂ ಇದೇ ಬಗೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಇವೆ. ಈ ಸೀಮೆಯಲ್ಲಿ ಮೂರು ನುಡಿಯವರೂ ಕಲ್ಲಿಗೆ ಬರೆಸಿದ್ದು ಹೆಚ್ಚಾಗಿ ಒಂದೇ ಸಂಗತಿ: ಇದು ಇಂಥವರದು, ಇಂಥವರು ಇಂಥವರಿಗೆ ಕೊಟ್ಟದ್ದು.

ಲೈಫ್ ಟ್ಯಾಕ್ಸ್ ವಿಷಯದಲ್ಲಿ ಮಾತ್ರ ನನಗೆ ನೋವಿದೆ. ಕರ್ನಾಟಕದಲ್ಲಿ ಹೊಸ ಕಾರಿಗೆ 5 ಲಕ್ಷದವರೆಗೆ ಶೇ. 13, 10 ಲಕ್ಷದವರೆಗೆ ಶೇ. 14; ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ. ಇಲ್ಲಿ ಕಟ್ಟಿದ ಮೇಲೆ, ಮೊದಲು ತೆರಿಗೆ ಕಟ್ಟಿದ್ದ ತಮಿಳುನಾಡು ಸರ್ಕಾರಕ್ಕೆ ಅರ್ಜಿ ಹಾಕಿ, ಉಳಿದ ವರ್ಷಗಳ ತೆರಿಗೆ ವಾಪಸ್ ಕೇಳಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವನು ಅನುಕೂಲಸ್ಥನಲ್ಲ. ಅವನನ್ನು ಎರಡೂ ಕಡೆ ಓಡಾಡಿಸುವ ಬದಲು ಎರಡು ಸರ್ಕಾರಗಳೇ ಆ ಲೆಕ್ಕ ಚುಕ್ತಾ ಮಾಡಿಕೊಳ್ಳಬಾರದೇ? ನಂಗಲಿಯ ಆಚೆ ಹೊಲ, ಈಚೆ ಮನೆ ಇರುವ ನಮ್ಮ ಜನರಿಗೆ ಇದು ಸಣ್ಣ ಮಾತಲ್ಲ.

ಕೆಎ 07 ಫಲಕ ಹಾಕಿಸಿ, ಪಾಲಿಸಿಗೆ ಹೊಸ ನಂಬರನ್ನೂ ಸೇರಿಸಿಕೊಂಡು ಒಂದು ಮಂಗಳವಾರ ಮತ್ತೆ ಕುರುಡುಮಲೆಗೆ ಹೋದೆವು. ಅದೇ ಅರ್ಚಕರು. ತಟ್ಟೆ ತೆಗೆದುಕೊಂಡು ಅದೇ ಪ್ರಶ್ನೆ ಕೇಳಿದರು. ಈ ಸಲ ಹೆಸರು ಹೇಳಿದ್ದು ನನ್ನ ಹೆಂಡತಿ.