ಬೀಚಿಯವರ ನಗೆ

ಅತ್ತಿಬೆಲೆಯ ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಮುಗಿಸಿ ಹೊಸೂರು ರಸ್ತೆಯಲ್ಲಿ ಬಸ್ಸಿಗೆ ಕಾದುನಿಂತ ಶ್ರಮಿಕರು ಸಾಲವನ್ನೂ ಸಾವನ್ನೂ ಕುರಿತು ನಗುವುದನ್ನು ಕೇಳಿದಾಗಲೆಲ್ಲ ನನಗೆ ಹಾಸ್ಯಲೇಖಕ ಬೀಚಿಯವರ ಸ್ಮರಣೆಯುಂಟಾಗುತ್ತದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಜನಿಸಿ, ಎಳವೆಯಲ್ಲಿಯೇ ಮಾತಾಪಿತೃಗಳನ್ನು ಕಳೆದುಕೊಂಡು, ಅನ್ಯರ ಆಶ್ರಯದಲ್ಲಿ ಬೆಳೆದು, ತರುವಾಯ ಪೊಲೀಸ್ ಇಲಾಖೆಯ ನೌಕರಿಯಲ್ಲಿ ಮನುಷ್ಯನ ದೈನ್ಯವನ್ನೂ ಕಪಟವನ್ನೂ ಸಮೀಪದಿಂದ ಕಂಡ, ಬೀಚಿಯೆಂಬ ಕಾವ್ಯನಾಮದ ರಾಯಸಂ ಭೀಮಸೇನರಾಯರು, ‘ನನ್ನ ಭಯಾಗ್ರಫಿ’ ಎಂಬ ತಮ್ಮ ಆತ್ಮಕಥೆಯಲ್ಲಿ ಆ ದುಃಖವನ್ನೇ ಹಾಸ್ಯದ ದ್ರವ್ಯವಾಗಿಸಿಕೊಂಡರು. ಅವರ ನಗೆಯನ್ನು ಕ್ರೂರವೆನ್ನುವವರುಂಟು, ನಾನೊಪ್ಪೆನು. ದುಃಖಿತರೆಲ್ಲರೂ ಹಾಸ್ಯಗಾರರಾಗರು, ನಿಜ. ಆದರೆ ಅನಾಥನಾಗಿ ಬೆಳೆದವನೊಬ್ಬನು ತನ್ನನ್ನೂ ಸೇರಿಸಿಕೊಂಡು ಲೋಕವನ್ನು ಕಂಡು ನಗುವಾಗ ಅಲ್ಲಿ ತಿರಸ್ಕಾರಕ್ಕೆ ಎಡೆಯಿರುವುದಿಲ್ಲ. ಬೀಚಿಯವರ ಹಾಸ್ಯಪಾತ್ರವಾದ ತಿಂಮನನ್ನು ಮಾತ್ರ ಬಲ್ಲ ಸಹೃದಯರು ದಯವಿಟ್ಟು ಆ ಆತ್ಮಕಥೆಯನ್ನೂ ಓದಬೇಕು.