ಕೋಳಿಯ ಹೊಟ್ಟೆಗೆ ಕಲ್ಲು, ರೈತನ ಕೈಗೆ ಕಾಗದ

ಅಂಗಳದ ಕೋಳಿ ಕಾಳಿನೊಡನೆ ಕಲ್ಲಿನ ಹರಳನ್ನೂ ಹೆಕ್ಕುತ್ತದೆ. ಹಲ್ಲಿಲ್ಲದ ಆ ಹಕ್ಕಿಗೆ ಹೊಟ್ಟೆಯೊಳಗಿನ ಗಟ್ಟಿ ಸ್ನಾಯುಚೀಲವೇ ಬೀಸುವ ಕಲ್ಲು. ಮಧ್ಯಾಹ್ನದ ಹೊತ್ತು ಧೂಳಿನಲ್ಲಿ ಹೊರಳಿ ಮೈಯ ಹೇನನ್ನು ಕಳೆದುಕೊಳ್ಳುತ್ತದೆ. ತಗಡಿನ ಶೆಡ್ಡಿನಲ್ಲಿ ಬೆಳೆದು ಸುಮಾರು 40 ದಿನಗಳಲ್ಲಿ 2 ಕಿಲೋ ಮೀರುವ ಬ್ರಾಯ್ಲರ್ ಕೋಳಿಗೆ ಆ ಭಾಗ್ಯವಿಲ್ಲ. ಚೀಲದಲ್ಲಿ ಬಂದುದಷ್ಟೇ ಅದರ ಅನ್ನ.

ಆ ಚೀಲಕ್ಕೆ ಈಗ ಖನಿಜಗಳು ಸೇರುತ್ತಿವೆ. ಸುಣ್ಣಕಲ್ಲಿನ ಪುಡಿ ಹಳೆಯದು. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅದರಿಂದ ದೊರೆಯುತ್ತದೆ. ಹೊಸದಾಗಿ ಕೇಳಿಬರುವ ಹೆಸರುಗಳು ಬೆಂಟೊನೈಟ್ ಮತ್ತು ಜಿಯೋಲೈಟ್. ಮೆಕ್ಕೆಜೋಳ, ಶೇಂಗಾ ಹಿಂಡಿಗಳಲ್ಲಿ ಬೂಷ್ಟು ಹುಟ್ಟಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಹಕ್ಕಿಯ ಯಕೃತ್ತನ್ನು ಕೆಡಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಬಳಿಕವೇ ಈ ವಿಷದ ಗುರುತು ಸಿಕ್ಕಿತು. ಬೆಂಟೊನೈಟ್ ಜೇಡಿಯ ಪದರಗಳು ಅದನ್ನು ಹಿಡಿದುಕೊಂಡು ಹಿಕ್ಕೆಯೊಡನೆ ಹೊರಹಾಕುತ್ತವೆ. ಎಲ್ಲ ಬೂಷ್ಟುವಿಷಗಳಿಗೂ ಅದು ಹೀಗೆ ಒದಗುವುದಿಲ್ಲ. ಜಿಯೋಲೈಟಿನ ಸೂಕ್ಷ್ಮ ರಂಧ್ರಗಳು ಅಮೋನಿಯಾವನ್ನು ಹೀರುತ್ತವೆ. ಒದ್ದೆಯಾದ ಹೊಟ್ಟಿನ ಹಾಸಿನಿಂದ ಏಳುವ ಆ ಘಾಟು ಕೋಳಿಯ ಕಣ್ಣನ್ನೂ ಉಸಿರನ್ನೂ ಕೆಡಿಸುವುದಲ್ಲದೆ, ದಿನವೂ ಶೆಡ್ಡಿಗಿಳಿಯುವ ರೈತನ ಎದೆಗೂ ಸೇರುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಗೆ ಈ ಕಲ್ಲುಗಳು ದೂರದ ನಂಟರಲ್ಲ. ಬೆಂಟೊನೈಟಿನ ಮುಖ್ಯ ಜೇಡಿಯೂ, ಬೇಸಿಗೆಯಲ್ಲಿ ಬಾಯಿಬಿಡುವ ಇಲ್ಲಿನ ಎರೆಮಣ್ಣಿನ ಜೇಡಿಯೂ ಒಂದೇ ಕುಲದವು. ದಖ್ಖನ್ನಿನ ಕರಿಕಲ್ಲಿನ ಪೊಟರೆಗಳಲ್ಲಿ ಹೊಳೆಯುವ ಹರಳುಗಳಲ್ಲಿ ಜಿಯೋಲೈಟ್‌ಗಳೂ ಇವೆ. ಹಾಗೆಂದು ಹೊಲದ ಮಣ್ಣನ್ನು ಜರಡಿಯಾಡಿ ಮೇವಿಗೆ ಬೆರೆಸುವುದು ಅವಿವೇಕ. ಸೀಸ, ಕ್ಯಾಡ್ಮಿಯಂಗಳ ಪರೀಕ್ಷೆಯಾಗದ ಮಣ್ಣು ಔಷಧವಾಗದು. ಅಳತೆಯೂ ಮುಖ್ಯ. ಯುರೋಪಿನ ಒಕ್ಕೂಟ ಪ್ರತಿ ಕಿಲೋ ಮೇವಿಗೆ ಬೆಂಟೊನೈಟ್ 20 ಗ್ರಾಂ, ಕ್ಲಿನೊಪ್ಟಿಲೊಲೈಟ್ ಎಂಬ ಜಿಯೋಲೈಟ್ 10 ಗ್ರಾಂ ಮೀರಬಾರದೆಂದು ಮಿತಿ ಹಾಕಿದೆ. ವಿಷವನ್ನು ಹಿಡಿಯುವ ಜೇಡಿ ಕೆಲವು ಔಷಧಗಳನ್ನೂ ಹಿಡಿದಿಡಬಲ್ಲದು.

ಈ ಹುಡುಕಾಟಕ್ಕೆ ಇನ್ನೊಂದು ಕಾರಣವೂ ಉಂಟು. ಕೋಳಿ ಬೇಗ ಬೆಳೆಯಲೆಂದು ಮೇವಿಗೆ ಪ್ರತಿಜೀವಕ ಬೆರೆಸುವುದನ್ನು ಯುರೋಪು 2006ರಲ್ಲಿ ನಿಲ್ಲಿಸಿತು. ಭಾರತ ಸರ್ಕಾರ 2019ರಲ್ಲಿ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿತು. ಮನುಷ್ಯನ ಕೊನೆಯ ಆಸರೆಯಾದ ಮದ್ದನ್ನು ಕೋಳಿಯ ತೂಕಕ್ಕಾಗಿ ಮೊಂಡು ಮಾಡಬಾರದೆಂಬುದು ಅದರ ಹಿಂದಿನ ವಿವೇಕ. ಮದ್ದು ಬಿಟ್ಟವನಿಗೆ ಒಣ ಹಾಸು, ಶುಚಿಯಾದ ನೀರು, ಗಾಳಿಯಾಡುವ ಶೆಡ್ಡು ಮೊದಲು ಬೇಕು. ಖನಿಜ ಅವುಗಳಿಗೆ ಸಹಾಯವಾಗಬಲ್ಲದೇ ಹೊರತು ಬದಲಿಯಾಗದು.

ಆದರೆ ಕರಾರಿನ ಮೇಲೆ ಕೋಳಿ ಸಾಕುವವನ ಸ್ಥಿತಿ ಬೇರೆ. ಮರಿ ಕಂಪನಿಯದು, ಮೇವು ಕಂಪನಿಯದು. ಶೆಡ್ಡು, ಕರೆಂಟು, ನೀರು, ದುಡಿಮೆ ರೈತನವು. ಮೇವಿಗೆ ಒಂದು ಹಿಡಿ ಪುಡಿ ಬೆರೆಸಿದರೂ ಅವನು ಪರರ ಸ್ವತ್ತಿಗೆ ಕೈಹಾಕಿದಂತೆ. ಬ್ಯಾಚು ಕೆಟ್ಟರೆ ಹೊಣೆ ಅವನ ತಲೆಗೇ ಬರಬಹುದು. 1872ರ ಕರಾರು ಕಾಯಿದೆಯ 151ನೆಯ ಕಲಮು, ಒಪ್ಪಿಸಿಕೊಂಡ ಸ್ವತ್ತನ್ನು ಸಾಮಾನ್ಯ ವಿವೇಕಿಯು ತನ್ನದನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕೆನ್ನುತ್ತದೆ. ಕಂಪನಿಯ ಲಿಖಿತ ಒಪ್ಪಿಗೆ ಪಡೆದು ಬೆರೆಸಿದವನು ಆ ಎಚ್ಚರಕ್ಕೆ ಸಾಕ್ಷಿ ಇಟ್ಟುಕೊಂಡಂತೆ; ಅಂಗಡಿಯವನ ಮಾತು ನಂಬಿ ಬೆರೆಸಿದವನ ಕೈಯಲ್ಲಿ ಏನೂ ಉಳಿಯದು.

ಗಡಿಯಾಚೆಯ ಕನ್ನಡ ರೈತನಿಗೆ ಇನ್ನೊಂದು ತೊಡಕು: ಕರಾರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಮರಾಠಿ ಮಾತಾಡಬಲ್ಲವನೂ ಕಲಮುಗಳ ಮರಾಠಿಯಲ್ಲಿ ಎಡವುತ್ತಾನೆ. ಓದಲಾಗಲಿಲ್ಲವೆಂಬ ಒಂದೇ ಮಾತಿಗೆ ಸಹಿ ಸಾಮಾನ್ಯವಾಗಿ ರದ್ದಾಗದು. ಆದ್ದರಿಂದ ಹೆಬ್ಬೆಟ್ಟು ಒತ್ತುವ ಮೊದಲೇ ತಿಳಿದವರಿಂದ ಕನ್ನಡದಲ್ಲಿ ಓದಿಸಿ ಕೇಳಬೇಕು, ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಬೇಕು. ಮೇವಿನ ಚೀಲದ ಚೀಟಿಯನ್ನೂ ಎಸೆಯದೆ ಅದರೊಡನೆ ಇಡುವುದು ಒಳಿತು.