ಪರದೆಯ ಮೇಲಿನ ಚುಕ್ಕೆ

ತುಮಕೂರು ರಸ್ತೆಯಲ್ಲಿ ಬೆಂಗಳೂರನ್ನು ಬಿಟ್ಟು ಹೊರಟವರಿಗೆ ಪೀಣ್ಯದ ಕಾರ್ಖಾನೆಗಳನ್ನು ದಾಟಿದ ಸ್ವಲ್ಪ ಹೊತ್ತಿಗೆ ನಾಗಸಂದ್ರ ಸಿಗುತ್ತದೆ. 2015ರಲ್ಲಿ ಮೆಟ್ರೋ ರೈಲು ಅಲ್ಲಿಯವರೆಗೆ ಬಂದ ಮೇಲೆ ಆ ಹೆಸರು ನಗರದವರ ಬಾಯಲ್ಲಿ ಹೆಚ್ಚು ಓಡಾಡತೊಡಗಿತು. ನಾನು ಹೇಳಹೊರಟಿರುವುದು ನಿಲ್ದಾಣದ ಸಂಗತಿಯಲ್ಲ. ಅಲ್ಲಿನ ಓಣಿಗಳಲ್ಲಿ, ತಗಡಿನ ಸೂರಿನ ಕೆಳಗೆ ಲೋಹವನ್ನು ಕಡೆಯುವ ಸಣ್ಣ ಕಾರ್ಖಾನೆಯೊಂದರ ಸಂಗತಿ.

ಅದು ನನ್ನ ಸೋದರಮಾವನದು. ಅವರ ಕಂಪ್ಯೂಟರ್ ನಿಯಂತ್ರಿತ ಲೇತಿಗೆ ಮೂವತ್ತು ವರ್ಷ ಮೀರಿದೆ. ಒಂದು ಮಳೆಗಾಲದಲ್ಲಿ ಅದರ ಪರದೆ ದಿನದಿನಕ್ಕೆ ಮಂಕಾಗುತ್ತ ಬಂದು ಕಡೆಗೆ ಪೂರ್ತಿ ಕತ್ತಲಾಯಿತು. ಯಂತ್ರದ ಕಸುವು ಕುಂದಿರಲಿಲ್ಲ, ಬುದ್ಧಿಯೂ ನೆಟ್ಟಗಿತ್ತು. ಏನು ಮಾಡುತ್ತಿದ್ದೇನೆಂದು ಹೇಳುವ ಬಾಯಿ ಮಾತ್ರ ಕಟ್ಟಿಹೋಗಿತ್ತು. ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಹಣ ಬೇಕು. ಅದನ್ನೇ ನಂಬಿ ನಾಲ್ವರು ಕೆಲಸಗಾರರಿದ್ದರು. ಹಳೆಯ ಚಿತ್ರನಳಿಕೆಯಂತೂ ಎಲ್ಲಿಯೂ ದೊರೆಯಲಿಲ್ಲ. ಸಮೀಪದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಕಪ್ಪು-ಬಿಳುಪು ಚಿತ್ರನಳಿಕೆಗಳು ತಯಾರಾಗುತ್ತಿದ್ದವು. ಆ ಕಾಲ ಮುಗಿದುಹೋಗಿದೆ.

ಹೊಸ ಮಾನಿಟರನ್ನು ತಂದು ತಂತಿ ಸಿಕ್ಕಿಸಿದರಾಗದೆ ಎಂದು ನೀವು ಕೇಳಬಹುದು. ಆಗದು. ಹಳೆಯ ನಳಿಕೆಯಲ್ಲಿ ಎಲೆಕ್ಟ್ರಾನುಗಳ ಕಿರಣವೊಂದು, ನೇಗಿಲು ಸಾಲು ಹೊಡೆದಂತೆ, ಪರದೆಯ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ನಮ್ಮ ದೇಶದ ಹಳೆಯ ದೂರದರ್ಶನ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಗುಣಿಸಿ ನೋಡಿ: 15,625 ಗೆರೆಗಳಾದವು. ಮಾವನ ಲೇತಿನ ಪರದೆಯ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೆ 1987ರಲ್ಲಿ ಬಂದ ವಿಜಿಎ ಪದ್ಧತಿಯ ಕಂಪ್ಯೂಟರ್ ಮಾನಿಟರುಗಳು ಸೆಕೆಂಡಿಗೆ ಸುಮಾರು 31,500 ಗೆರೆಗಳನ್ನು ನಿರೀಕ್ಷಿಸುತ್ತವೆ. ಅದಕ್ಕಿಂತ ನಿಧಾನವಾದ ಸಂಕೇತವನ್ನು ಬಹಳಷ್ಟು ಮಾನಿಟರುಗಳು ಒಪ್ಪುವುದೇ ಇಲ್ಲ.

ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವುದು ಅಂಗೈಯಗಲದ ಒಂದು ಪರಿವರ್ತಕ ಫಲಕ. ಏರಿಳಿಯುವ ವಿದ್ಯುತ್ತಿನ ಒತ್ತಡವನ್ನು ಅದು ಕ್ಷಣಕ್ಷಣಕ್ಕೂ ಅಳೆದು, ಅಂಕಿಗಳಾಗಿ ತನ್ನ ನೆನಪಿನಲ್ಲಿ ಬರೆದುಕೊಂಡು, ಮತ್ತೆ ಇಮ್ಮಡಿ ವೇಗದಲ್ಲಿ ಓದಿ ಹೇಳುತ್ತದೆ. ಮನೆಯ ಹಳೆಯ ಮದುವೆಯ ಕ್ಯಾಸೆಟ್ಟನ್ನು ಇಂದಿನ ಟಿವಿಯಲ್ಲಿ ತೋರಿಸುವ ಪೆಟ್ಟಿಗೆಯೂ ಮಾಡುವುದು ಇಂಥದೇ ಕೆಲಸ. ಅಲ್ಲಿ 4:3ರ ಚಿತ್ರವನ್ನು 16:9ಕ್ಕೆ ಹಿಗ್ಗಿಸಿ, ಬಡಕಲು ಮದುಮಗನನ್ನೂ ಪೈಲ್ವಾನನನ್ನಾಗಿ ಮಾಡುವುದುಂಟು. ನಕ್ಕು ಸುಮ್ಮನಾಗಬಹುದು.

ಲೇತಿನ ಪರದೆಯ ಮುಂದೆ ನಗುವಂತಿಲ್ಲ. ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ, ಗೆರೆ ಎಲ್ಲಿ ಮೊದಲಾಗುತ್ತದೆಂದು ತಿಳಿಸುವ ಇನ್ನೊಂದು, ಹೀಗೆ ಜೋಡಿಸಿದಾಗ ಚಿತ್ರವೇನೋ ಮೂಡಿತು. ಕೆಲಸಗಾರರು ಚಪ್ಪಾಳೆ ತಟ್ಟಿದರು. ಇಪ್ಪತ್ತು ವರ್ಷದಿಂದ ಆ ಯಂತ್ರವನ್ನು ನಡೆಸುತ್ತಿದ್ದ ಹಿರಿಯರೊಬ್ಬರು ಮಾತ್ರ ಕನ್ನಡಕ ಹಾಕಿಕೊಂಡು ಹತ್ತಿರ ಬಾಗಿ, "ಚುಕ್ಕೆ ಎಲ್ಲಿ?" ಎಂದರು. ಅಳತೆಗಳೆಲ್ಲ ಮಿಲಿಮೀಟರಿನ ಸಾವಿರದ ಒಂದಂಶದವರೆಗೆ ಬರುತ್ತವೆ. 12.050 ಇರಬೇಕಾದಲ್ಲಿ 12050 ಎಂದು ಕಾಣುತ್ತಿತ್ತು. 8 ಯಾವುದು, 6 ಯಾವುದು ಎಂಬುದೂ ಸ್ಪಷ್ಟವಿರಲಿಲ್ಲ. ಅಂಥ ಅಂಕಿಯನ್ನು ನಂಬಿ ಉಳಿಯನ್ನು ನಡೆಸಿದರೆ ಅದು ತಿರುಗುವ ಉಕ್ಕಿಗೆ ಢಿಕ್ಕಿ ಹೊಡೆದೀತು. ಎದುರಿಗೆ ನಿಂತವರ ಗತಿಯೇನು?

ಫಲಕವು ಅಳೆಯುವ ಕ್ಷಣವೂ ಯಂತ್ರವು ಚುಕ್ಕೆಯನ್ನು ಕಳುಹಿಸುವ ಕ್ಷಣವೂ ತಾಳೆಯಾಗಿರಲಿಲ್ಲ. ನಾನು ಫಲಕದ ಗುಂಡಿಗಳನ್ನು ಒತ್ತುತ್ತ ಹೋದೆ. ಹಿರಿಯರು ಪರದೆಯಿಂದ ಕಣ್ಣು ಕೀಳದೆ "ಇನ್ನೊಂದು, ಇನ್ನೊಂದು" ಎನ್ನುತ್ತಿದ್ದರು. ಮಧ್ಯಾಹ್ನದ ಊಟ ತಣ್ಣಗಾಯಿತು. ಸಂಜೆ ನಾಲ್ಕರ ಹೊತ್ತಿಗೆ ಚುಕ್ಕೆ ಮೂಡಿತು, ಅಲುಗಾಡದೆ ನಿಂತಿತು. ಆದರೂ ಅವರು ಒಪ್ಪಲಿಲ್ಲ. ಒಂದು ಉಕ್ಕಿನ ತುಂಡನ್ನು ಕಡೆದು, ಮೈಕ್ರೋಮೀಟರಿನಿಂದ ಮೂರು ಕಡೆ ಅಳೆದು, ಪರದೆಯ ಅಂಕಿಯೊಡನೆ ಹೋಲಿಸಿದರು. ಆಮೇಲೆ ಕೈ ಒರೆಸಿಕೊಂಡು, ನಾಳೆಯ ಪಾಳಿಗೆ ಯಾರು ಬರಬೇಕೆಂದು ಮಾವನನ್ನು ಕೇಳಿದರು.